ಮಾವನ ಮರ ಕೊಯ್ಯುವ ಮಷೀನು

ಮರ ಕೊಯ್ಯುವ ಮಷೀನನ್ನು ಮಾವ ಅಟ್ಟದಿಂದ ಇಳಿಸಿದಾಗ ಅದರ ಅವಸ್ಥೆ ನೋಡುವಂತಿರಲಿಲ್ಲ. ಟ್ಯಾಂಕಿನ ತಳದಲ್ಲಿ ಹಳೇ ಪೆಟ್ರೋಲು ಅಂಟಾಗಿ ಕೂತಿತ್ತು. ಚೈನು ತುಕ್ಕು ಹಿಡಿದು, ತಾನು ಸುತ್ತುವ ಉದ್ದನೆಯ ಕಬ್ಬಿಣದ ಪಟ್ಟಿಗೆ ಕಚ್ಚಿಕೊಂಡಿತ್ತು. ಸ್ಟಾರ್ಟ್ ಮಾಡಲು ಎಳೆಯುವ ಹಗ್ಗವನ್ನು ಇಲಿ ತಿಂದು ತೇಗಿತ್ತು.

“ಇದನ್ನ ಗುಜರಿಯವನೂ ಮೂಸಿ ನೋಡಲ್ಲ ಅಪ್ಪ,” ಎಂದ ಮಗ. ಅವನು ಶಾಲೆಯ ಬಸ್ಸು ಓಡಿಸುವವನು. ನಿಂತುಹೋದ ಯಾವ ಯಂತ್ರ ಕಂಡರೂ ಅವನಿಗೆ ಮೈ ಉರಿಯುತ್ತಿತ್ತು.

“ನಿನ್ನ ಬಸ್ಸು ಹುಟ್ಟೋಕೆ ಮೊದ್ಲೇ ಇದು ಎಷ್ಟು ರಸ್ತೆ ಬಿಡಿಸಿದೆ ಗೊತ್ತೇನೋ?” ಎಂದರು ಮಾವ.

ಅದು ಬರೀ ಜಂಬವಲ್ಲ. ಗಾಳಿಗೆ ಬೀದಿಗೆ ಅಡ್ಡ ಬಿದ್ದ ಮರಗಳನ್ನು ಕೊಯ್ದು ದಾರಿ ಮಾಡಿಕೊಡುವುದೇ ನಗರಸಭೆಯಲ್ಲಿ ಅವರ ನೌಕರಿಯಾಗಿತ್ತು. ಆದರೆ ಈಚೆಗೆ ನೆನಪು ಅವರೊಡನೆ ಕಣ್ಣಾಮುಚ್ಚಾಲೆ ಆಡತೊಡಗಿತ್ತು. ಒಂದು ಬೆಳಿಗ್ಗೆ ಹಳೇ ಯೂನಿಫಾರ್ಮ್ ತೊಟ್ಟು ಹೋಗಿ ಆಫೀಸಿನ ಬೆಂಚಿನ ಮೇಲೆ ಕೂತುಬಿಟ್ಟಿದ್ದರು. ಇನ್ನೊಂದು ದಿನ ಒಲೆಯ ಮೇಲೆ ಹಾಲಿಟ್ಟು ವಾಕಿಂಗ್‌ಗೆ ಹೊರಟಿದ್ದರು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಮಗ ಬಸ್ಸಿಗೆ, ಸೊಸೆ ಮಿಕ್ಸಿ ರಿಪೇರಿ ಅಂಗಡಿಗೆ ಹೋದರೆ ಹಗಲಿಡೀ ಮನೆಯಲ್ಲಿ ಅವರೊಬ್ಬರೇ. ಅಪ್ಪನನ್ನು ತನ್ನ ಅಕ್ಕನ ಮನೆಯಲ್ಲಿ ಬಿಡುವುದೆಂದು ಮಗ ತೀರ್ಮಾನಿಸಿದ್ದ. ಅಕ್ಕ ಇದ್ದದ್ದು ಐದನೇ ಮಹಡಿಯಲ್ಲಿ, ಅಲ್ಲಿ ಯಾವಾಗಲೂ ಯಾರಾದರೊಬ್ಬರು ಇರುತ್ತಿದ್ದರು.

“ಅಲ್ಲಿ ಕಿಟಕಿಯಿಂದ ಬಗ್ಗಿದ್ರೆ ಮರದ ತಲೆ ಕಾಣುತ್ತೆ, ಬುಡ ಕಾಣಲ್ಲ. ಅಂಥ ಕಡೆ ನಾನೇನು ಮಾಡ್ಲಿ?” ಎಂದು ಮಾವ ಹಟ ಹಿಡಿದರು.

ಹಿತ್ತಲಲ್ಲಿ ಕಳೆದ ಮಳೆಗಾಲದ ಗಾಳಿಗೆ ಉರುಳಿದ ಮರವೊಂದು ಹಾಗೇ ಒಣಗಿ ಬಿದ್ದಿತ್ತು. ಮಾತಿಗೆ ಮಾತು ಬೆಳೆದು ಮಗ ಕೊನೆಗೆ ಹೇಳಿದ: “ಸರಿ. ಇದನ್ನ ರಿಪೇರಿ ಮಾಡಿ, ಒಂದೂ ತಪ್ಪಿಲ್ದೆ ಆ ಮರ ಕೊಯ್ದು ತೋರ್ಸಿ. ಆಮೇಲೆ ಅಕ್ಕನ ಮನೆ ಸುದ್ದಿನೇ ಎತ್ತಲ್ಲ.”

ಆ ಮಷೀನು ಈ ಜನ್ಮದಲ್ಲಿ ಸ್ಟಾರ್ಟ್ ಆಗುವುದಿಲ್ಲ ಎಂಬ ಧೈರ್ಯದಿಂದ ಆಡಿದ ಮಾತು ಅದು. ಪುಣ್ಯಾತ್ಮ ತನ್ನ ಹೆಂಡತಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಕೆಟ್ಟು ಕೂತದ್ದು ಕಣ್ಣಿಗೆ ಬಿದ್ದರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಮಾವ ಹೋಗುವುದು ಅವಳಿಗೆ ಬೇಡವಾಗಿತ್ತು. ಸಂಜೆ ಬಂದಾಗ ‘ಇವತ್ತು ಏನು ಬಿಚ್ಚಿದೆ?’ ಎಂದು ಕೇಳುವವರು ಆ ಮನೆಯಲ್ಲಿ ಅವರೊಬ್ಬರೇ.

ಅಂಗಡಿಯಿಂದ ಬಂದವಳೇ ಹಿತ್ತಲ ಜಗಲಿಯಲ್ಲಿ ಹಳೇ ಬೆಡ್‌ಶೀಟ್ ಹಾಸಿ ಕೂರುತ್ತಿದ್ದಳು. ಕಾರ್ಬುರೇಟರ್ ಬಿಚ್ಚಿ, ಕೂದಲೆಳೆಯಂಥ ತಂತಿಯಿಂದ ಅದರ ತೂತುಗಳನ್ನೆಲ್ಲ ಬಿಡಿಸಿದಳು. ಒಳಗಿನ ತೆಳ್ಳನೆ ರಬ್ಬರು ಒಣಗಿದ ಎಲೆಯ ಹಾಗೆ ಮುರಿದು ಬಂತು, ಹೊಸದು ಹಾಕಿದಳು. ಪ್ಲಗ್ ಉಜ್ಜಿದಳು, ಪೆಟ್ರೋಲಿನ ಪೈಪು ಬದಲಿಸಿದಳು, ಹೊಸ ಹಗ್ಗ ಸುತ್ತಿದಳು. ನಟ್ಟೊಂದು ಜಪ್ಪಯ್ಯ ಅಂದರೂ ಅಲ್ಲಾಡದಿದ್ದಾಗ ಅವಳು ಸುತ್ತಿಗೆ ಎತ್ತಿಕೊಂಡಳು.

“ಅದರ ಮೇಲ್ಯಾಕಮ್ಮ ಸಿಟ್ಟು? ಎಣ್ಣೆ ಬಿಟ್ಟು ಒಂದು ರಾತ್ರಿ ಕೊಡು. ತಾನಾಗೇ ಬುದ್ಧಿ ಕಲಿಯುತ್ತೆ,” ಎಂದರು ಮಾವ. ಮಾರನೆಯ ದಿನ ಅದು ಸದ್ದಿಲ್ಲದೆ ತಿರುಗಿತು.

ಚೈನನ್ನು ಮಾತ್ರ ಅವರು ಯಾರಿಗೂ ಮುಟ್ಟಗೊಡಲಿಲ್ಲ. ಎಣ್ಣೆಯಲ್ಲಿ ನೆನೆಸಿ, ತುಕ್ಕು ತಿಕ್ಕಿ, ದುಂಡನೆಯ ಅರ ಹಿಡಿದು ಒಂದೊಂದೇ ಹಲ್ಲನ್ನು ಮಸೆದರು. ಬೆಳಿಗ್ಗೆ ತಿಂಡಿ ತಿಂದದ್ದು ಮರೆಯುವ ಮನುಷ್ಯ ಅರವನ್ನು ಒಂದು ಕೂದಲಿನಷ್ಟೂ ಓರೆ ಮಾಡಲಿಲ್ಲ. ಪಕ್ಕದಲ್ಲಿ ಕೂತು ನೋಡುತ್ತಿದ್ದ ಸೊಸೆಗೆ ಹೊಟ್ಟೆ ತುಂಬಿದಂತಾಯಿತು. ಶನಿವಾರ ಅವಳು ಅಂಗಡಿಯಲ್ಲಿದ್ದಾಗ ಚೈನನ್ನು ಅವರೇ ಪಟ್ಟಿಗೇರಿಸಿ, ಮುಚ್ಚಳ ಹಾಕಿ ಬಿಗಿಮಾಡಿದರು.

ಭಾನುವಾರ ಬೆಳಿಗ್ಗೆ ಎಣ್ಣೆ ತುಂಬಲು ಹೋದ ಸೊಸೆ ಅಲ್ಲೇ ನಿಂತುಬಿಟ್ಟಳು. ಪಟ್ಟಿಯ ಮೇಲಂಚಿನ ಹಲ್ಲುಗಳು ಮುಂದಕ್ಕೆ, ತುದಿಯ ಕಡೆ ಮುಖ ಮಾಡಬೇಕಿತ್ತು. ಅವು ಹಿಂದಕ್ಕೆ ನೋಡುತ್ತಿದ್ದವು. ಮಾವ ಚೈನನ್ನು ಹಿಂದುಮುಂದಾಗಿ ಹಾಕಿದ್ದರು.

ಹೇಳಿದರೆ ಅವರ ಮುಖ ಚಿಕ್ಕದಾಗುತ್ತದೆ. ಗುಟ್ಟಾಗಿ ತಿರುಗಿಸಿ ಹಾಕಿದರೆ, ಇಷ್ಟು ಮರೆತವರ ಕೈಗೆ ತಾನೇ ಹರಿತವಾದ ಮಷೀನು ಕೊಟ್ಟಂತಾಗುತ್ತದೆ. ಹೀಗೇ ಇದ್ದರೆ ಮರ ಕೊಯ್ಯುವುದಿಲ್ಲ, ಅಷ್ಟೇ ತಾನೆ? ಅವಳು ಬಾಯಿಗೆ ಬಂದ ಮಾತು ನುಂಗಿಕೊಂಡು ಎಣ್ಣೆ ತುಂಬಿದಳು. ಅದನ್ನು ಕನಿಕರ ಎಂದುಕೊಂಡಳು. ಹೇಡಿತನ ಎಂದರೂ ನಡೆಯುತ್ತಿತ್ತು.

ಮಗ ಕೈಕಟ್ಟಿ ನಿಂತಿದ್ದ. ಮಾವ ಹಗ್ಗ ಎಳೆದರು. ಮಷೀನು ಕೆಮ್ಮಿತು, ಉಗುಳಿತು, ಆಮೇಲೆ ಗರ್ರೆಂದು ಎದ್ದು ನಿಂತಿತು. ಗೋಡೆಯಾಚೆಯಿಂದ ಪಕ್ಕದ ಮನೆಯವರು ಇಣುಕಿದರು. ಮಗನ ಹುಬ್ಬು ತಾನಾಗಿ ಮೇಲೇರಿತು. ಮಾವ ಕಾಲು ಊರಿ ಚೈನನ್ನು ದಿಮ್ಮಿಗೆ ತಾಗಿಸಿದರು. ಒಂದು ಚೂರು ಪುಡಿಯೂ ಉದುರಲಿಲ್ಲ. ತೊಗಟೆ ಕಪ್ಪಾಗಿ ಹೊಗೆ ಎದ್ದಿತು. ಇನ್ನಷ್ಟು ಒತ್ತಿದರು, ಇನ್ನಷ್ಟು ಹೊಗೆ ಬಂತು. ಅವರು ಮಷೀನು ಆಫ್ ಮಾಡಿದರು.

“ಮಿಕ್ಸಿ ರಿಪೇರಿಯವರ ಕೈಗೆ ಕೊಟ್ರೆ ಇನ್ನೇನಾಗುತ್ತೆ,” ಎಂದ ಮಗ.

“ಚೈನು ಹಿಂದುಮುಂದಾಗಿದೆ ಕಣ್ರೀ,” ಎಂದಳು ಸೊಸೆ. “ನಾನೇ ಹಾಕಿದ್ದು. ಗೊತ್ತಾಗ್ಲಿಲ್ಲ.”

ಮಾವ ಬಗ್ಗಿ ನೋಡಿದರು. ಹಲ್ಲಿನ ಮೇಲೆ ಬೆರಳಿಟ್ಟರು.

“ಸುಳ್ಳು ಹೇಳ್ತಿದ್ದಾಳೆ. ಹಾಕಿದ್ದು ನಾನು,” ಎಂದರು ಮಗನಿಗೆ. “ಅಕ್ಕನಿಗೆ ಫೋನ್ ಮಾಡು. ಮಾತು ಅಂದ್ರೆ ಮಾತು.”

ಮಗ ಫೋನು ತೆಗೆಯಲಿಲ್ಲ. ಗೆದ್ದವನ ಕಳೆಯೇ ಅವನ ಮುಖದಲ್ಲಿರಲಿಲ್ಲ.

ಸೊಸೆ ಮಾವನ ಎದುರು ಕುಕ್ಕರುಗಾಲಲ್ಲಿ ಕೂತಳು. “ಬೆಳಿಗ್ಗೆನೇ ನೋಡಿದ್ದೆ ಮಾವ.”

“ನೋಡಿ?”

“ಹೇಳ್ಲಿಲ್ಲ. ನಿಮಗೆ ಬೇಜಾರಾಗುತ್ತೆ ಅಂತ.”

“ಆಗ್ತಿತ್ತು. ಆಮೇಲೆ ತಿರುಗಿಸಿ ಹಾಕ್ತಿದ್ದೆ. ನನ್ನ ಜೊತೆ ಕೆಲ್ಸ ಮಾಡಿದೋರು ತಪ್ಪು ಕಂಡ್ರೆ ಮುಖದ ಮೇಲೆ ಬೈತಿದ್ರು. ಅದಕ್ಕೇ ನನ್ನ ಕೈಕಾಲು ಇನ್ನೂ ನೆಟ್ಟಗಿವೆ.” ಮಾವನ ದನಿ ಗಟ್ಟಿಯಾಗಲಿಲ್ಲ. “ನೋಡಿಯೂ ಸುಮ್ನಿದ್ದೆ ಅಂದ್ರೆ, ಇವನಿಗಿಂತ ಮೊದ್ಲೇ ನೀನು ನನ್ನನ್ನ ಐದನೇ ಮಹಡಿಗೆ ಕಳ್ಸಿಬಿಟ್ಟೆ ಅಲ್ವೇನಮ್ಮ.”

ಅವಳಿಗೆ ಕೆನ್ನೆಗೆ ಹೊಡೆದಂತಾಯಿತು. ತಲೆ ತಗ್ಗಿಸಿ ಕೂತಿದ್ದವಳು ಎದ್ದು ಗಂಡನ ಕಡೆ ತಿರುಗಿದಳು.

“ನಾಳೆಯಿಂದ ಮಾವ ನನ್ನ ಜೊತೆ ಅಂಗಡಿಗೆ ಬರ್ತಾರೆ. ಮಿಕ್ಸಿ ಬ್ಲೇಡು ಮಸೆಯೋರಿಲ್ದೆ ರಾಶಿ ಬಿದ್ದಿದೆ. ಓನರಿಗೆ ನಾನು ಹೇಳ್ತೀನಿ.”

“ಅಲ್ಲೂ ಏನಾದ್ರೂ ಎಡವಟ್ಟು ಮಾಡಿದ್ರೆ?”

“ಮಾಡಿದ್ರೆ ಅವರಿಗೇ ಹೇಳ್ತೀನಿ.”

ಮಗ ಅಪ್ಪನನ್ನು ನೋಡಿದ. ಅಪ್ಪ ಆಗಲೇ ಸ್ಪ್ಯಾನರ್ ಹಿಡಿದು ಮುಚ್ಚಳ ಬಿಚ್ಚುತ್ತಿದ್ದರು. ಅವನು ಹೋಗಿ ಪಕ್ಕದಲ್ಲಿ ಕೂತು, ಕಳಚಿದ ನಟ್ಟುಗಳನ್ನು ಅಂಗೈಯಲ್ಲಿ ಹಿಡಿದುಕೊಂಡ.

ಮಾವ ಚೈನನ್ನು ತಿರುಗಿಸಿ ಕೂರಿಸಿ, ಮುಚ್ಚಳ ಹಾಕಿ ಮಷೀನನ್ನು ಸೊಸೆಯ ಮುಂದೆ ಹಿಡಿದರು.

“ಕೊಯ್ಯೋದು ನೀನು. ಎಲ್ಲಿ ಕೊಯ್ಯೋದು ಅಂತ ನಾನು ತೋರಿಸ್ತೀನಿ. ಮೊದ್ಲು ಇದು ಸರಿಯಾಗಿದೆಯಾ ನೋಡು.”

ಮೇಲಂಚಿನ ಹಲ್ಲುಗಳೆಲ್ಲ ಮುಂದಕ್ಕೆ ನೋಡುತ್ತಿದ್ದವು. ಅವಳು ಚೈನನ್ನು ಬೆರಳಿನಿಂದ ಎತ್ತಿ ನೋಡಿದಳು. ಮಾವನ ಮುಖ ನೋಡಿದಳು.

“ಸಡಿಲ ಇದೆ ಮಾವ,” ಎಂದಳು.

“ಹಾಂ, ಹಾಗೆ ಹೇಳು,” ಎಂದು ಮಾವ ಮತ್ತೆ ಸ್ಪ್ಯಾನರಿಗೆ ಕೈ ಚಾಚಿದರು.