ಕೆಟ್ಟ ಪೋಷಣೆ

ಬಸ್ಸಿನ ಕಿಟಕಿಯಾಚೆ ಕಬ್ಬು ತುಂಬಿದ ಟ್ರಾಕ್ಟರು, ಹುಳಿಯೇರಿದ ಸಿಹಿ ವಾಸನೆ, ಮದ್ದೂರು ದಾಟಿ ಎಷ್ಟೋ ಹೊತ್ತಾಯಿತು, ಮಳವಳ್ಳಿ ಬರಲೊಲ್ಲದು — ಮಗಳು ದೀಪಿಕ ನನ್ನ ತೋಳಿಗೆ ಒರಗಿದ್ದಾಳೆ, ಅಮ್ಮಾ, ಡಾಕ್ಟ್ರು ನಂಗೆ ಯಾವ ಟ್ರೋಫಿ ಅಂದ್ರು? ಟ್ರೋಫಿ ಅಲ್ಲ ಕಂದ, ಡಿಸ್ಟ್ರೋಫಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಸ್ನಾಯು ಸವೆಯುವ ಕಾಯಿಲೆ — ಹಾಗೆಂದು ಹೇಳಲಿಲ್ಲ, ಹೇಗೆ ಹೇಳಲಿ, ಮಲಕ್ಕೋ ಅಂದೆ. ಟ್ರೋಫ್, ಗ್ರೀಕ್ ಬೇರು, ಅರ್ಥ ಪೋಷಣೆ. ಕಾಲೇಜಿನ ಬೋರ್ಡಿನ ಮೇಲೆ ವರ್ಷವರ್ಷವೂ ಬರೆಯುವವಳು ನಾನೇ, ಆಟೋಟ್ರೋಫ್ ಅಂದರೆ ತನ್ನ ಅನ್ನ ತಾನೇ ಮಾಡಿಕೊಳ್ಳುವ ಗಿಡ, ಹೆಟೆರೋಟ್ರೋಫ್ ಅಂದರೆ ಇನ್ನೊಂದನ್ನು ತಿಂದು ಬದುಕುವ ನಾವು, ಡಿಸ್ ಅಂದರೆ ಕೆಟ್ಟ — ಕೆಟ್ಟ ಪೋಷಣೆ! ಹೆಸರಿಟ್ಟವನು ಯಾವ ತಾಯಿ ಉಣಿಸುವುದನ್ನು ನೋಡಿದ್ದ? ಮುದ್ದೆ ಮುರಿದು, ಬಸ್ಸಾರಿನಲ್ಲಿ ಅದ್ದಿ, ಒಂದೊಂದು ತುತ್ತಿಗೂ ಒಂದೊಂದು ಕತೆ ಹೇಳಿ ತಿನ್ನಿಸಿದ್ದೇನೆ, ಪದದೊಳಗೇ ನನ್ನ ಮೇಲೆ ದೂರು. ಪಕ್ಕದಲ್ಲಿ ಹೊಂಬಾಳಮ್ಮ, ನನ್ನ ಅಮ್ಮನ ಅಮ್ಮ, ಅವಳ ಮಗನನ್ನೇ ಕಟ್ಟಿಕೊಂಡ ನನಗೆ ಅತ್ತೆಯೂ ಅವಳೇ, ಗ್ರೀಕ್ ಬಾರದಿದ್ದರೂ ಹಿಂದಿನ ಸೀಟಿನವಳಿಗೆ ಅದೇ ಅರ್ಥ ಬಿಡಿಸಿ ಹೇಳುತ್ತಿದ್ದಾಳೆ, ನಮ್ ಸಸಿ ಕಾಲೇಜು ಕಾಲೇಜು ಅಂತ ಓಯ್ತಾಳೆ ಕಣಮ್ಮ, ಮೊಗೀಗೆ ಒತ್ತೊತ್ತಿಗೆ ಇಟ್ಟು ಇಕ್ನಿಲ್ಲ, ಅದ್ಕೇ ಕಾಲು ಸೊರಗೋದ್ವು. ಸಂಬಂಧದಲ್ಲೇ ಮದುವೆಯಾ ಎಂದು ಮಂಡ್ಯದ ಡಾಕ್ಟರು ಕೇಳಿದಾಗ ಈ ಬಾಯಿ ಎಲ್ಲಿ ಹೋಗಿತ್ತು? ಇದು ಊಟದಿಂದ ಬಂದದ್ದಲ್ಲ, ತಂದೆ ತಾಯಿ ಇಬ್ಬರಿಂದಲೂ ಬಂದದ್ದು ಅಂದರಲ್ಲ, ಆಗ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಮೊದಲು ಎಂಎಸ್ಸಿ ಮುಗಿಸುತ್ತೇನೆ ಅಂದ ನನ್ನನ್ನು, ಸೋದರಮಾವ ಬೇಡ, ಒಂದೇ ರಕ್ತ ಎಂದು ಅತ್ತವಳನ್ನು, ಗದ್ದೆ ಬ್ಯಾರೇರ ಪಾಲಾಗ್ಬಾರ್ದು ಕಣೇ ಸುಮ್ಕಿರು ಎಂದು ಹಸೆಗೆ ಎಳೆದದ್ದು ಇದೇ ಕೈ —

ಎದ್ದು ನಿಂತಿದ್ದೇನೆ, ಯಾವಾಗ ಎದ್ದೆನೋ, ಊಟ ಅಲ್ಲ ಕಣಜ್ಜಿ, ರಕ್ತ, ನಿನ್ ಮಗನ್ದೂ ನಂದೂ ಒಂದೇ ರಕ್ತ, ನಾನು ಬ್ಯಾಡ ಅಂದೆ, ನೀನು ಬುಡ್ಲಿಲ್ಲ! ಬಸ್ಸೆಲ್ಲ ತಿರುಗಿತು, ಕಂಡಕ್ಟರು ಟಿಕೆಟ್ ಹರಿಯುವುದನ್ನು ನಿಲ್ಲಿಸಿದ, ಅಜ್ಜಿ ಮತ್ತೆ ಸೆರಗಿಗೆ ಕೈ ಹಾಕಿದಳು, ನಂಗೇನ್ ಗೊತ್ತಿತ್ತು ಕಣೇ ಸಸಿ. ನನಗೆ ಗೊತ್ತಿತ್ತು, ಹೇಳಿದ್ದೆ, ಆದರೂ ಗೆದ್ದೆ ಅನ್ನಿಸಲಿಲ್ಲ, ಸಿಟ್ಟೂ ಇಳಿಯಲಿಲ್ಲ, ಮಳವಳ್ಳಿ ಇಳೀರಿ ಇಳೀರಿ, ಬಾ ದೀಪು ಎತ್ಕೋತೀನಿ, ಬ್ಯಾಡಮ್ಮ ನಾನೇ ಏಳ್ತೀನಿ — ಎರಡು ಅಂಗೈ ಮಂಡಿಯ ಮೇಲೆ, ಆಮೇಲೆ ಒಂದು ತೊಡೆಗೆ, ಇನ್ನೊಂದು ತೊಡೆಗೆ, ತನ್ನ ಮೈಯನ್ನು ತಾನೇ ಹಿಡಿಹಿಡಿದು ಹತ್ತುತ್ತಿರುವ ಆ ಪುಟ್ಟ ಕೈಗಳು, ಆ ಕೈಗಳು —