ನಾಲ್ಕು ಮಿಲಿಮೀಟರ್

"ಹನ್ನೊಂದು ಪಾಯಿಂಟ್ ನಾಲ್ಕು" ಎಂದು ನರ್ಸಮ್ಮ ಕೂಗಿದ್ದೇ ತಡ, ತಪಾಸಣೆಗೆ ಬಂದಿದ್ದ ಅವನು ಕುರ್ಚಿಯಿಂದೆದ್ದು ಬಂದು ಅವಳ ಕೈಯಿಂದ ಟೇಪು ಕಿತ್ತುಕೊಂಡ.

"ಇನ್ನೊಂದ್ಸಲ ನಾನು ಅಳೀತೀನಿ."

"ಅಳೀರಿ ಸಾರ್. ನಾನೇನು ಬೇಡ ಅಂದ್ನಾ?"

ಅವಳ ಮುಖ ಬಿಳಿಚಿಕೊಂಡಿತು. ಬಿಳಿಚಿಕೊಳ್ಳಲಿ. ಅವನು ಪ್ರಧಾನ ಕಚೇರಿಯಿಂದ ಇಷ್ಟು ದೂರ ಬಂದದ್ದೇ ಅದಕ್ಕೆ. ಮಗುವಿನ ತೋಳಿನ ಸುತ್ತಳತೆ ಹನ್ನೊಂದೂವರೆ ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಟೇಪಿನ ಕೆಂಪು ಪಟ್ಟಿ. ಕೆಂಪಿಗೆ ಬಿದ್ದ ಮಗುವಿಗೆ ದಿನವೂ ಪೌಷ್ಟಿಕ ಆಹಾರದ ಪೊಟ್ಟಣ. ಅದಕ್ಕಿಂತ ಮೇಲೆ ಹಳದಿ, ಹಳದಿಗೆ ಬರೀ ಉಪದೇಶ. ಈ ಕೇಂದ್ರದಲ್ಲಿ ಕಳೆದ ತಿಂಗಳು ಅಳೆದ ಇಪ್ಪತ್ತಾರು ಮಕ್ಕಳಲ್ಲಿ ಹದಿನೆಂಟು ಮಕ್ಕಳ ತೋಳು ಕರಾರುವಾಕ್ಕಾಗಿ ಹನ್ನೊಂದು ಪಾಯಿಂಟ್ ನಾಲ್ಕು. ಮಕ್ಕಳೇನು ಅಚ್ಚಿನಲ್ಲಿ ತೆಗೆದ ಇಟ್ಟಿಗೆಗಳೇ? ಇದನ್ನು ಪತ್ತೆ ಹಚ್ಚಿದವನು ತಾನೇ ಎಂಬ ಸಣ್ಣ ಹೆಮ್ಮೆ ಅವನಿಗಿತ್ತು.

ಮಗು ತಾಯಿಯ ತೊಡೆಯ ಮೇಲೆ ಕೂತಿತ್ತು. ಹದಿನಾಲ್ಕು ತಿಂಗಳು. ಗುರುತಿಲ್ಲದವರು ಕೈ ಹಿಡಿದರೂ ಅಳಲಿಲ್ಲ. ಅಳದಿರುವುದೂ ಅಪೌಷ್ಟಿಕತೆಯ ಒಂದು ಲಕ್ಷಣವೆಂದು ತರಬೇತಿಯಲ್ಲಿ ಅವನೇ ಹೇಳಿಕೊಡುತ್ತಿದ್ದ. ಚರ್ಮಕ್ಕೆ ತಾಗುವಂತೆ, ಆದರೆ ಒತ್ತದಂತೆ ಟೇಪು ಸುತ್ತಿದ.

"ಹನ್ನೊಂದು ಪಾಯಿಂಟ್ ಎಂಟು."

ಹಳದಿ.

"ಟೇಪು ಎಳೆದು ಬಿಗೀತಿದ್ರಿ," ಎಂದ ನರ್ಸಮ್ಮನಿಗೆ.

"ವಯಸ್ಸಾಯ್ತು ಸಾರ್. ಕೈ ನಡುಗುತ್ತೆ."

"ಹದಿನೆಂಟು ಸಲವೂ ಒಂದೇ ಥರ ನಡುಗ್ತಾ?"

ಅವಳು ಕಿಟಕಿಯ ಕಡೆ ತಿರುಗಿದಳು. "ನಾಲ್ಕಾದ್ರೇನು, ಎಂಟಾದ್ರೇನು. ಹಸಿವು ಹಸಿವೇ ತಾನೆ," ಎಂದು ಗೊಣಗಿದಳು. ಅವನು ಕೇಳಿಸಿಕೊಳ್ಳದವನಂತೆ ಕುರ್ಚಿ ಎಳೆದುಕೊಂಡು ತಾಯಿಯೆದುರು ಕೂತು ಪ್ರಶ್ನಾವಳಿ ತೆಗೆದ.

"ಎದೆಹಾಲು ಯಾವಾಗ ಬಿಡಿಸಿದ್ರಿ?"

"ಎರಡು ತಿಂಗಳಿಗೆ. ಬಟ್ಟೆ ಫ್ಯಾಕ್ಟರಿಯೋರು ಅದಕ್ಕಿಂತ ರಜ ಕೊಡಲ್ಲ."

"ಆಮೇಲೆ?"

"ಡಬ್ಬಿ ಹಾಲು. ನಮ್ಮತ್ತೆ ಕುಡಿಸ್ತಾರೆ. ಹತ್ತು ದಿನಕ್ಕೆ ಅಂತಾರೆ ಒಂದು ಡಬ್ಬಿ. ನಾವು ಇಪ್ಪತ್ತು ದಿನ ಬರಿಸ್ತೀವಿ."

"ನೀರು ಕುದಿಸ್ತೀರಾ?"

"ಗ್ಯಾಸ್ ಇದ್ದಾಗ."

"ಭೇದಿ?"

"ಮೊನ್ನೆ ನಿಂತ್ಹೋಯ್ತು." ಬಂದ ನೆಂಟರು ಹೊರಟುಹೋದರು ಎನ್ನುವ ಹಾಗೆ ಹೇಳಿದಳು. ಆಮೇಲೆ ತಾನಾಗಿಯೇ, "ಇವನಕ್ಕ ಒಬ್ಬಳಿದ್ದಾಳೆ ಸಾರ್, ನಾಲ್ಕು ವರ್ಷ. ಪೊಟ್ಟಣ ಕೊಟ್ರೆ ಇಬ್ಬರಿಗೂ ಹಂಚ್ತೀನಿ. ಸುಳ್ಳು ಯಾಕೆ ಹೇಳ್ಲಿ?" ಎಂದಳು.

ಇದೆಲ್ಲ ಅವನ ಪಿಎಚ್.ಡಿ. ಪ್ರಬಂಧದಲ್ಲಿತ್ತು. ರಜೆ, ನೀರು, ತೆಳು ಹಾಲು, ಭೇದಿ. ಅದರಲ್ಲಿದ್ದ ಚಿತ್ರದಲ್ಲಿ ಒಂದೊಂದರಿಂದಲೂ ಒಂದೊಂದು ಬಾಣ ಹೊರಟು ನಡುವಿನ ವೃತ್ತಕ್ಕೆ ಬಂದು ನಾಟುತ್ತಿತ್ತು. ವೃತ್ತದೊಳಗೆ 'ಮಗು' ಎಂದು ಬರೆದಿದ್ದ. ಆ ಚಿತ್ರವನ್ನು ಮೆಚ್ಚದವರೇ ಇರಲಿಲ್ಲ. ಈಗ ಮಗು ಅವನ ತೋರುಬೆರಳನ್ನು ಹಿಡಿದು ಬಾಯಿಗಿಟ್ಟುಕೊಂಡಿತು. ಬಿಡಿಸಿಕೊಂಡು ಕರವಸ್ತ್ರದಿಂದ ಒರೆಸಿಕೊಂಡ. ಒರೆಸಿಕೊಂಡದ್ದಕ್ಕೆ ನಾಚಿಕೆಯಾಯಿತು.

ನಾಲ್ಕು ಎಂದೇ ಬರೆದರೆ ಕೇಳುವವರು ಯಾರು? ಯಾರೂ ಇಲ್ಲ, ಕೇಳಬೇಕಾದವನು ತಾನೇ. ಆದರೆ ಪೊಟ್ಟಣಗಳಿರುವುದು ಇಷ್ಟೇ. ಇಲ್ಲಿ ಒಂದು ಹೆಚ್ಚು ಕೊಟ್ಟರೆ ಇನ್ನೆಲ್ಲೋ ನಿಜವಾಗಿ ಕೆಂಪಿಗೆ ಬಿದ್ದ ಮಗುವಿಗೆ ಒಂದು ಕಡಿಮೆ. ಎದುರಾಡಲು ಬಾರದ ವಾದ. ಇಂಥ ವಾದಗಳನ್ನು ಮಾಡಿ ಮಾಡಿ ಅವನಿಗೆ ಸಾಕಾಗಿತ್ತು. ಎಂಟು ಎಂದೇ ಬರೆದ.

"ಹಾಗಾದ್ರೆ ಸಿಗಲ್ವಾ?" ಎಂದಳು ತಾಯಿ.

"ಈಗ ಇಲ್ಲಮ್ಮ. ಕೆಂಪಿಗೆ ಬಂದ್ರೆ ಮಾತ್ರ."

"ಅಂದ್ರೆ ಇನ್ನೂ ಇಳೀಬೇಕು."

"ಹಾಗಲ್ಲ..." ಎಂದು ಶುರುಮಾಡಿದ.

"ಎಷ್ಟು ಇಳೀಬೇಕು ಸಾರ್?"

ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವವಳಂತೆ ಕೇಳಿ ಉತ್ತರಕ್ಕೆ ಕಾದಳು. ಜನ್ಮವಿಡೀ ಪರೀಕ್ಷೆ ಬರೆದವನಿಗೆ ಪ್ರಶ್ನೆ ಬಿಟ್ಟು ಅಭ್ಯಾಸವಿಲ್ಲ.

"ನಾಲ್ಕು ಮಿಲಿಮೀಟರ್."

"ಅಂದ್ರೆ ಎಷ್ಟು?"

ಅವನು ಹೆಬ್ಬೆರಳು ತೋರುಬೆರಳುಗಳನ್ನು ಹತ್ತಿರ ತಂದು ನಡುವಿನ ಜಾಗ ತೋರಿಸಿದ.

"ಅಯ್ಯೋ, ಸಾರ್!" ಎಂದಳು ನರ್ಸಮ್ಮ.

ತಾಯಿ ಮಗುವನ್ನು ಸೊಂಟಕ್ಕೇರಿಸಿದಳು. ತನ್ನ ಎರಡು ಬೆರಳುಗಳನ್ನು ಅವನ ಬೆರಳುಗಳ ಪಕ್ಕಕ್ಕೆ ತಂದು, ಕಣ್ಣು ಕಿರಿದು ಮಾಡಿ ಸರಿಹೊಂದಿಸಿಕೊಂಡಳು.

"ಇಷ್ಟಾ?"

"ಹೂಂ."

"ಹಾಗಾದ್ರೆ ಬರೋ ತಿಂಗಳು ಬರ್ತೀವಿ ಸಾರ್."

ಅವನು ಬಾಗಿಲಿಗೆ ಬಂದು ನಿಂತ. ಅವಳಿಗೆ ಪಾಳಿಯ ಹೊತ್ತಾಗಿತ್ತು. ಕಿಕ್ಕಿರಿದ ಬೀದಿಯಲ್ಲಿ ದಾರಿ ಬಿಡಿಸಿಕೊಂಡು ಬಿರಬಿರನೆ ನಡೆಯುತ್ತಿದ್ದಳು. ಸೈಕಲ್ಲಿನವನೊಬ್ಬ ಬೆಲ್ ಹೊಡೆದ, ಯಾರೋ ಭುಜಕ್ಕೆ ತಾಗಿ ಹೋದರು, ಮಗು ಸೊಂಟದಿಂದ ಜಾರಿತು. ಮಗುವನ್ನು ಒಂದೇ ಕೈಯಲ್ಲಿ ಮೇಲೆಳೆದುಕೊಂಡಳು. ಇನ್ನೊಂದು ಕೈಯನ್ನು ಮಾತ್ರ ಯಾರಿಗೂ ತಾಗಗೊಡದೆ, ಎರಡು ಬೆರಳುಗಳ ನಡುವಿನ ಜಾಗ ಒಂದಿಷ್ಟೂ ಹೆಚ್ಚಾಗದ ಹಾಗೆ, ಒಂದಿಷ್ಟೂ ಕಡಿಮೆಯಾಗದ ಹಾಗೆ, ಮುಂದಕ್ಕೆ ಹಿಡಿದುಕೊಂಡೇ ಹೋದಳು.