ಕೆಂಪು ದಾರದ ಥರ್ಮಾಮೀಟರ್

ಏಳನೇ ತರಗತಿಗೆ ವಿಜ್ಞಾನ ಕಲಿಸುತ್ತಿದ್ದ ಟೀಚರಿಗೆ ಮಕ್ಕಳು ಇಟ್ಟಿದ್ದ ಹೆಸರು 'ಕಂಡದ್ದು ಟೀಚರ್'. ಹದಿನೆಂಟು ವರ್ಷಗಳಿಂದ ಅವರ ಬಾಯಲ್ಲಿ ಒಂದೇ ಮಾತು. "ಕಂಡದ್ದನ್ನ ಬರೀರಿ. ಪಕ್ಕದವರಿಗೆ ಕಂಡದ್ದಲ್ಲ, ಪುಸ್ತಕದಲ್ಲಿ ಇರೋದಲ್ಲ. ನಿಮ್ಮ ಕಣ್ಣಿಗೆ ಕಂಡದ್ದು." ಮಕ್ಕಳು ಬೆನ್ನ ಹಿಂದೆ ಅಣಕಿಸುತ್ತಿದ್ದರು. ಟೀಚರ್ ಕೇಳಿಸದವರಂತೆ ಇದ್ದು ಒಳಗೊಳಗೇ ಹಿಗ್ಗುತ್ತಿದ್ದರು. ಹೈಸ್ಕೂಲಿನ ಮೆಟ್ಟಿಲು ಹತ್ತುವಷ್ಟರಲ್ಲಿ ಆ ಮಾತು ಗಾಳಿಗೆ ಹೋಗಿರುತ್ತದೆ ಎಂಬುದು ಅವರಿಗೂ ಗೊತ್ತಿತ್ತು.

ಗಾಳಿಗೆ ಹೋಗದೆ ಉಳಿದದ್ದು ಒಬ್ಬಳಲ್ಲಿ ಮಾತ್ರ. ಅವಳು ಹೊಲಿಗೆ ಅಂಗಡಿಯವಳ ಮಗಳು. ತೋಳಿನ ಅಳತೆ ಅರ್ಧ ಇಂಚು ತಪ್ಪಿದರೂ ಬಟ್ಟೆ ವಾಪಸ್ ಬರುತ್ತದೆ ಎಂಬುದನ್ನು ಅಮ್ಮನ ಮೆಷಿನ್ ಪಕ್ಕದಲ್ಲೇ ಕೂತು ಕಲಿತಿದ್ದಳು. ಏಳನೆಯಲ್ಲಿ ತರಗತಿಯ ಕಿಟಕಿಯಲ್ಲಿಟ್ಟ ಮೊಳಕೆಯನ್ನು ದಿನವೂ ಅಳೆದು ಬರೆಯಬೇಕಿತ್ತು. ಶಾಲೆಗೆ ಬೀಗ ಬಿದ್ದ ಭಾನುವಾರವೂ ಎಲ್ಲರ ಪುಸ್ತಕದಲ್ಲಿ ಮೊಳಕೆ ತಪ್ಪದೆ ಬೆಳೆದಿತ್ತು. ಅವಳ ಪುಸ್ತಕದಲ್ಲಿ ಮಾತ್ರ ಆ ಸಾಲು ಖಾಲಿ. ಆ ಖಾಲಿ ಸಾಲನ್ನು ಟೀಚರ್ ಮೂರು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು.

ಅದೇ ಹುಡುಗಿಯ ಹೆಸರು ಹತ್ತನೇ ತರಗತಿಯ ಪ್ರಾಯೋಗಿಕ ಪರೀಕ್ಷೆ ಮುಗಿದ ಮರುದಿನ ಶಿಕ್ಷಕರ ಕೋಣೆಯಲ್ಲಿ ನಗೆಪಾಟಲಾಯಿತು.

"ನಿಮ್ಮ ಶಿಷ್ಯೆ ಏನ್ ಬರ್ದಿದಾಳೆ ನೋಡಿ ಮೇಡಂ," ಎಂದು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಉತ್ತರಪತ್ರಿಕೆ ಮುಂದೆ ಹಿಡಿದರು. "ನೀರು ತೊಂಬತ್ತಾರಕ್ಕೇ ಕುದಿಯಿತಂತೆ. ಸೊನ್ನೆ ಸುತ್ತಿದೀನಿ. ಪಾಪ, ಅಷ್ಟರಲ್ಲೇ ವಿಜ್ಞಾನ ವಿಭಾಗದ ಸೀಟು ತಪ್ಪಿಹೋಯ್ತು. ಮೂರೇ ಅಂಕ ಕಡಿಮೆ."

ತೊಂಬತ್ತಾರು ಎಂದದ್ದೇ ಟೀಚರಿಗೆ ಪ್ರಯೋಗಾಲಯದ ಪೆಟ್ಟಿಗೆ ನೆನಪಾಯಿತು.

ಪ್ರಾಥಮಿಕ ಶಾಲೆಗೂ ಹೈಸ್ಕೂಲಿಗೂ ಪ್ರಯೋಗಾಲಯ ಒಂದೇ, ಥರ್ಮಾಮೀಟರಿನ ಪೆಟ್ಟಿಗೆಯೂ ಒಂದೇ. ಅದರಲ್ಲಿ ಒಂದು ಕೆಟ್ಟದ್ದಿತ್ತು. ಗಾಜಿನೊಳಗಿನ ಅಂಕಿಗಳ ಪಟ್ಟಿ ಜಾರಿ ನಾಲ್ಕು ಡಿಗ್ರಿ ಕಡಿಮೆ ತೋರಿಸುತ್ತಿತ್ತು. ಎಸೆಯುವ ಹಾಗಿಲ್ಲ, ದಾಸ್ತಾನು ಪುಸ್ತಕದಲ್ಲಿ ಹನ್ನೆರಡು ಎಂದಿದ್ದರೆ ಪೆಟ್ಟಿಗೆಯಲ್ಲೂ ಹನ್ನೆರಡು ಇರಲೇಬೇಕು. ಹಾಗಾಗಿ ಅದರ ಕುತ್ತಿಗೆಗೆ ಕೆಂಪು ದಾರ ಕಟ್ಟಿದ್ದರು. ದಾರ ಇದ್ದದ್ದನ್ನು ಮಕ್ಕಳ ಕೈಗೆ ಕೊಡಬಾರದೆಂಬುದು ಟೀಚರಿಗೂ ಮೇಷ್ಟ್ರಿಗೂ ನಡುವಿನ ಒಪ್ಪಂದ. ಕಳೆದ ತಿಂಗಳು ತಪಾಸಣೆಗೆ ಬರುವವರು ಇದೇನೆಂದು ಕೇಳಿಯಾರೆಂದು ಆ ದಾರವನ್ನು ಬಿಚ್ಚಿದವರು ಇದೇ ಟೀಚರ್. ತಪಾಸಣೆಯವರು ಹೋದಮೇಲೆ ಮತ್ತೆ ಕಟ್ಟಿದರಾಯಿತು ಎಂದುಕೊಂಡಿದ್ದರು. ಮರೆತರು.

ಟೀಚರ್ ಎಲ್ಲವನ್ನೂ ಹೇಳಿದರು. ಮೇಷ್ಟ್ರ ನಗು ನಿಂತಿತು. ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು.

"ಆ ಮೇಜಿನಲ್ಲಿ ಅವಳಿಗಿಂತ ಮೊದಲು ಐದು ಜನ ಅದರಲ್ಲೇ ಪ್ರಯೋಗ ಮಾಡಿದ್ರು ಮೇಡಂ. ಐವರೂ ನೂರು ಅಂತ ಬರ್ದಿದಾರೆ."

"ಅಂದ್ರೆ ಐವರೂ ನೋಡೇ ಇಲ್ಲ."

"ಅದನ್ನ ಬಾಯಿಬಿಟ್ಟು ಹೇಳಿದ್ರೆ ಏನಾಗುತ್ತೆ? ಐದು ಮಕ್ಕಳ ಅಂಕ ಹೋಗುತ್ತೆ, ಅವರ ಅಪ್ಪ ಅಮ್ಮ ಬಂದು ಕೂರ್ತಾರೆ. ದಾರ ಬಿಚ್ಚಿದ್ದು ಯಾರು ಅಂತಾನೂ ಕೇಳ್ತಾರೆ." ಮೇಷ್ಟ್ರು ಉತ್ತರಪತ್ರಿಕೆಯನ್ನು ಕಟ್ಟಿನೊಳಗೆ ಸೇರಿಸುತ್ತಾ, "ಒಂದ್ ಕೆಲಸ ಮಾಡೋಣ. ಆ ಹುಡುಗಿಗೆ ಹುಷಾರಿರ್ಲಿಲ್ಲ ಅಂತ ಬರ್ದು ಮರುಪರೀಕ್ಷೆ ಕೊಡ್ತೀನಿ. ನೀವೇ ನಿಂತು ಮಾಡ್ಸಿ. ಸೀಟು ಸಿಗುತ್ತೆ. ವಿಷಯ ಇಲ್ಲಿಗೇ ಇರ್ಲಿ," ಎಂದರು.

ಟೀಚರ್ ಒಪ್ಪಿಕೊಂಡರು. ಸೀಟು ಸಿಗುತ್ತದಲ್ಲ, ಹುಡುಗಿಗೆ ಬೇಕಾದದ್ದು ಅಷ್ಟೇ ತಾನೇ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ನಿಜ ಹೇಳಬೇಕೆಂದರೆ ಅವರಿಗೆ ಹೆದರಿಕೆಯಾಗಿತ್ತು. ಹದಿನೆಂಟು ವರ್ಷ ಮಕ್ಕಳಿಗೆ ಕಂಡದ್ದನ್ನು ಬರೆಯಿರಿ ಎಂದವರಿಗೆ ತಾವು ಕಂಡದ್ದನ್ನು ಒಂದು ಕಾಗದದ ಮೇಲೆ ಬರೆದುಕೊಡುವ ಧೈರ್ಯ ಬರಲಿಲ್ಲ.

ಮರುಪರೀಕ್ಷೆಯ ದಿನ ಟೀಚರ್ ಬೆಳಿಗ್ಗೆಯೇ ಹೋಗಿ ಪೆಟ್ಟಿಗೆಯ ಹನ್ನೆರಡನ್ನೂ ಕುದಿಯುವ ನೀರಿಗಿಟ್ಟು ನೋಡಿದರು. ಕೆಟ್ಟದ್ದಕ್ಕೆ ದಾರ ಕಟ್ಟಿ ತಮ್ಮ ಚೀಲಕ್ಕೆ ಹಾಕಿಕೊಂಡರು. ಎಲ್ಲಕ್ಕಿಂತ ಒಳ್ಳೆಯದನ್ನು ಒರೆಸಿ ಮೇಜಿನ ಮೇಲಿಟ್ಟರು.

ಹುಡುಗಿ ಬಂದಳು. ಮುಖ ಇಳಿದುಹೋಗಿತ್ತು. ಹೇಗಿದೀಯಾ ಎಂದು ಕೇಳಿದ್ದಕ್ಕೆ ತಲೆಯಾಡಿಸಿದಳು ಅಷ್ಟೇ. ಬೀಕರಿಗೆ ನೀರು ಹಾಕಿ ಸ್ಟ್ಯಾಂಡಿನ ಮೇಲಿಟ್ಟಳು. ಸ್ಪಿರಿಟ್ ದೀಪ ಹಚ್ಚಲು ಟೀಚರ್ ಬೆಂಕಿಪೊಟ್ಟಣ ಹುಡುಕಿ ತರುವಷ್ಟರಲ್ಲಿ ಕೂತು ಬರೆಯತೊಡಗಿದ್ದಳು. ಟೀಚರ್ ಬಗ್ಗಿ ನೋಡಿದರು. ಕೋಷ್ಟಕ ಪೂರ್ತಿ ತುಂಬಿತ್ತು. ಎರಡು ನಿಮಿಷಕ್ಕೆ ಇಷ್ಟು, ನಾಲ್ಕು ನಿಮಿಷಕ್ಕೆ ಇಷ್ಟು, ಕೊನೆಯ ಸಾಲಿನಲ್ಲಿ ದುಂಡಗಿನ ಅಕ್ಷರದಲ್ಲಿ ನೂರು. ನೀರು ಇನ್ನೂ ತಣ್ಣಗಿತ್ತು.

"ಇದೇನಮ್ಮಾ, ದೀಪಾನೇ ಹಚ್ಚಿಲ್ಲ."

"ನೂರೇ ಅಲ್ವಾ ಟೀಚರ್ ಬರೋದು?"

"ಒಂದ್ಸಲ ನೋಡಿ ಬರಿ. ಇದು ಒಳ್ಳೇ ಥರ್ಮಾಮೀಟರು. ಅವತ್ತು ನಿಂಗೆ ಸಿಕ್ಕಿದ್ದು ಕೆಟ್ಟದ್ದು. ನೀನು ಬರ್ದಿದ್ದು ಸರಿಯಾಗೇ ಇತ್ತು. ತಪ್ಪು ನನ್ನದು."

ಹುಡುಗಿ ತಲೆಯೆತ್ತಿ ಅವರನ್ನು ನೋಡಿದಳು. ಅತ್ತುಬಿಟ್ಟಿದ್ದರೆ ಟೀಚರಿಗೆ ಎಷ್ಟೋ ಹಗುರವಾಗುತ್ತಿತ್ತು.

"ಮೇಷ್ಟ್ರಿಗೆ ಗೊತ್ತಾ?"

"ಗೊತ್ತು."

"ಅವರು ಹೇಳಿದ್ದಕ್ಕೆ ನನಗೆ ಇನ್ನೊಂದು ಪರೀಕ್ಷೆ. ನೂರು ಬರೆಯೋಕೆ."

ಹುಡುಗಿ ಪೆನ್ನಿಗೆ ಕ್ಯಾಪು ಹಾಕಿ, ಹಾಳೆಯನ್ನು ಅವರ ಕಡೆ ಸರಿಸಿ, ಬೀಕರಿನ ನೀರನ್ನು ಸಿಂಕಿಗೆ ಚೆಲ್ಲಿದಳು. ಥರ್ಮಾಮೀಟರನ್ನು ಮುಟ್ಟಲಿಲ್ಲ.

"ಸಹಿ ಹಾಕಿ ಟೀಚರ್. ಅಂಗಡೀಲಿ ಅಮ್ಮ ಒಬ್ಬಳೇ ಇದಾಳೆ," ಎಂದಳು.

ಹಾಳೆಯ ಕೆಳಗೆ 'ನನ್ನ ಕಣ್ಣೆದುರು ನಡೆದ ಪ್ರಯೋಗ' ಎಂದು ಅಚ್ಚಾಗಿತ್ತು. ಕಂಡದ್ದು ಟೀಚರ್ ಅದರ ಕೆಳಗೆ ಸಹಿ ಹಾಕಿದರು.